ಶ್ಯಾವಿಗೆಯ ರುಚಿಯೂ ಬಂಡೆಯ ಬರಹವೂ



ಇಂದಿನ ಚಿಂತನೆಗೆ ಒಂದು ಪ್ರಶ್ನೆ: ಊರಿಗೆಲ್ಲ ಕೆಟ್ಟವನಾದವನು ತನ್ನ ಮನೆಯವರಿಗೆ ಒಳ್ಳೆಯವನಾಗಿದ್ದರೆ, ಆ ಒಳ್ಳೆಯತನವನ್ನು ನಾವು ಯಾವ ಲೆಕ್ಕಕ್ಕೆ ಹಿಡಿಯಬೇಕು?

ಅಮೆರಿಕದ ಷಿಕಾಗೋ ನಗರವನ್ನು ನಡುಗಿಸಿದ ಅಲ್ ಕಪೋನ್ ಹೆಸರು ಕೇಳಿರುತ್ತೀರಿ. ಅವನ ಅಣ್ಣನ ಮೊಮ್ಮಗಳು ಡೀರ್ಡ್ರಿ ಕಪೋನ್ ಈ ಚಿಕ್ಕಜ್ಜನ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ಅದರಲ್ಲಿ ಮನೆಯ ಕಥೆಗಳ ಜೊತೆಗೆ ಮನೆಯ ಅಡುಗೆಗಳೂ ಇವೆ. ಪಾಸ್ತಾ ಎಂದರೆ ನಮ್ಮ ಶ್ಯಾವಿಗೆಯ ದೂರದ ನೆಂಟ. ಆ ಮಗುವಿಗೆ ಅವನು ಪ್ರೀತಿಯ ಅಜ್ಜ. ಆದರೆ 1929ರ ಫೆಬ್ರವರಿ 14ರಂದು ಗೋಡೆಗೆ ನಿಲ್ಲಿಸಿ ಕೊಂದ ಏಳು ಜನರ ಸಾವಿನೊಂದಿಗೆ ಲೋಕ ನೆನೆಯುವುದೂ ಅವನ ಹೆಸರನ್ನೇ.

ಅಷ್ಟು ದೂರ ಹೋಗಬೇಕಿಲ್ಲ. ವೀರಪ್ಪನ್‌ನ ಮಗಳು ತಂದೆಯನ್ನು ಕಂಡದ್ದು ಒಂದೇ ಸಲವಂತೆ. ಚೆನ್ನಾಗಿ ಓದಿ ಡಾಕ್ಟರಾಗು, ಜನಸೇವೆ ಮಾಡು ಎಂದು ಅವನು ಹೇಳಿದ್ದನ್ನು ಆಕೆ ಸ್ಮರಿಸಿಕೊಂಡಿದ್ದಾರೆ. ಅದು ಸುಳ್ಳೆನ್ನಲು ನನಗೆ ಕಾರಣವಿಲ್ಲ. ಆದರೆ ಅವನ ಊರಾದ ಗೋಪಿನಾಥಂನಲ್ಲಿ ಜನರಿಗೆ ಔಷಧಿ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು, ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು 1991ರ ನವೆಂಬರ್ 10ರಂದು ಕೊಂದವನೂ ಅವನೇ. ಮಗಳು ಮಾಡಲೆಂದು ಬಯಸಿದ ಕೆಲಸವನ್ನೇ ಮಾಡುತ್ತಿದ್ದವರನ್ನು ಕೊಂದ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಪ್ಪ ಹೊಡೆದಾಟದ ಕೇಸಿನಲ್ಲಿ ಜೈಲಿನಲ್ಲಿದ್ದ. 'ನನ್ನ ತಂದೆ' ಎಂಬ ಪ್ರಬಂಧದಲ್ಲಿ ಹುಡುಗ ಬರೆದದ್ದು ಒಂದೇ ವಿಷಯ: ಅಪ್ಪ ಮಾಡುವ ಮಂಡಕ್ಕಿ ಒಗ್ಗರಣೆಯಷ್ಟು ರುಚಿ ಚಳ್ಳಕೆರೆಯ ಯಾವ ಅಂಗಡಿಯಲ್ಲೂ ಇಲ್ಲ. ಓದಿದಾಗ ಹಿಂದಿನ ಬೆಂಚಿನವರು ನಕ್ಕರು. ಆ ಮಂಡಕ್ಕಿ ಸುಳ್ಳಲ್ಲ. ಪೆಟ್ಟು ತಿಂದವನ ಮನೆಯ ಸಂಕಟವೂ ಸುಳ್ಳಲ್ಲ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ಹೋದರೆ ನಾವು ಯಾರಿಗೋ ಅನ್ಯಾಯ ಮಾಡುತ್ತೇವೆ. ಅಪ್ಪನನ್ನು ಪ್ರೀತಿಸಬೇಡ ಎಂದು ಮಗುವಿಗೆ ಹೇಳುವ ಹಕ್ಕು ಯಾವ ಮೇಷ್ಟರಿಗೂ ಇಲ್ಲ. ಹಾಗೆಂದು ಆ ಪ್ರೀತಿ ಅಪ್ಪನ ಪರವಾದ ಸಾಕ್ಷಿಯೂ ಆಗದು.

ಯಾಕೆ ಆಗದು? ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿ ಬಂಡೆಯನ್ನು ಕೇಳೋಣ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಶಾಸನದಲ್ಲಿ ಅಶೋಕ ತಂದೆತಾಯಿಯರ ಮಾತು ಕೇಳುವುದನ್ನೂ ಜೀವಿಗಳ ಮೇಲಿನ ದಯೆಯನ್ನೂ ಒಂದರ ಪಕ್ಕ ಒಂದು ಬರೆಸಿದ್ದಾನೆ. ನಡುವೆ ಹೊಸ್ತಿಲಿಲ್ಲ. ಎರ್ರಗುಡಿಯ ಬಂಡೆಯಲ್ಲಂತೂ ತನ್ನ ಅಡುಗೆಮನೆಯ ಲೆಕ್ಕವನ್ನೇ ಕೊಡುತ್ತಾನೆ: ಹಿಂದೆ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ಮೂರು, ಮುಂದೆ ಅವೂ ಇಲ್ಲ. ಕೊಂದವನೇ ಕೊಂದದ್ದನ್ನು ಎಣಿಸಿದ. ಕಪೋನನ ಮನೆಯ ಅಡುಗೆ ವಿಧಾನದಲ್ಲಿ ಉಪ್ಪು, ಎಣ್ಣೆಯ ಅಳತೆ ಸಿಗಬಹುದು, ಈ ಲೆಕ್ಕ ಸಿಗುವುದಿಲ್ಲ.

ತಾಯಿ ತನ್ನ ಒಬ್ಬಳೇ ಮಗುವನ್ನು ಕಾಯುವಂತೆ ಎಲ್ಲ ಜೀವಿಗಳನ್ನೂ ಕಾಣಬೇಕೆಂಬುದು ಮೆತ್ತ ಸುತ್ತದ ಬೋಧನೆ. ಅಂದರೆ ಮನೆಯ ಪ್ರೀತಿಯನ್ನು ಬುದ್ಧ ಹಳಿಯಲಿಲ್ಲ, ಅದನ್ನೇ ಬೀಜವಾಗಿ ಹಿಡಿದ. ವೀರಪ್ಪನ್ ಬಳಿಯೂ ಆ ಬೀಜವಿತ್ತು. ಅವನು ಅದನ್ನು ಮನೆಯ ಕಣಜದಲ್ಲೇ ಇಟ್ಟ, ಹೊಲಕ್ಕೆ ಬಿತ್ತಲಿಲ್ಲ.

ನಾವು ಯಾರನ್ನೂ ಕೊಂದವರಲ್ಲ. ಆದರೂ ನಮ್ಮ ಮಕ್ಕಳಿಗೆ ಬಡಿಸುವ ಅಕ್ಕರೆ ಪಕ್ಕದ ಮನೆಯ ಮಗುವಿನ ತನಕ ಹೋಗುತ್ತದೆಯೇ? ಕೂಲಿಯವರ ತಟ್ಟೆಯ ತನಕ?

ಇಂದು ಊಟಕ್ಕೆ ಕೂತಾಗ ನಮ್ಮ ಅಕ್ಕರೆ ತಲುಪದ ಒಬ್ಬರನ್ನು ನೆನೆಯೋಣ. ಸಂಜೆಯೊಳಗೆ ಅವರನ್ನೊಮ್ಮೆ ಮಾತನಾಡಿಸೋಣ.

ಎಲ್ಲರಿಗೂ ಮಂಗಳವಾಗಲಿ 🙏