ಕಾರಣ ಬೇರೆ, ತಪ್ಪು ಬೇರೆ

ಹೋದ ವರ್ಷ ನಮ್ಮ ಮಗಳು ಎಂಟು ತಿಂಗಳಿಗೇ ಹುಟ್ಟಿದಳು. ತೂಕ ಒಂದೂವರೆ ಕೆಜಿ. ಬೆಂಗಳೂರಿನ ಒಂದು ಆಸ್ಪತ್ರೆಯ ಎನ್‌ಐಸಿಯುನಲ್ಲಿ 18 ದಿನ ಇದ್ದಳು. ಒಳಗೆ ಹೋಗೋಕೆ ಮೊದಲು ಉಂಗುರ, ವಾಚು ಬಿಚ್ಚಿ ಮೊಣಕೈವರೆಗೆ ಸೋಪು ಹಾಕಿ ತೊಳೀಬೇಕು. ಸಿಸ್ಟರ್ ಮಗುವನ್ನು ನನ್ನ ಹೆಂಡತಿಯ ಎದೆಗೆ, ಮೈಗೆ ಮೈ ತಾಗುವ ಹಾಗೆ ಕಟ್ಟಿ ಕೂರಿಸುತ್ತಿದ್ದರು. ಕಾಂಗರೂ ಆರೈಕೆ ಅಂತಾರೆ ಅದಕ್ಕೆ.

ಶೆಟ್ಟಿಕೊಪ್ಪದಿಂದ ಬಂದಿದ್ದ ಅಮ್ಮ ಗಾಜಿನಾಚೆಯಿಂದ ಇದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟೇನಾ ಮಾರಾಯ? ಯಾರಾದ್ರೂ ಹೇಳಿದ್ರೆ ನಾನೂ ಇಟ್ಕೊಳ್ತಿದ್ನಲ್ಲ" ಅಂದಳು.

ನನಗಿಂತ ಮೊದಲು ಅಮ್ಮನಿಗೊಂದು ಮಗು ಹುಟ್ಟಿತ್ತು. ದಿನ ತುಂಬಿರಲಿಲ್ಲ. ಆಸ್ಪತ್ರೆಯಲ್ಲಿ ಮಗುವನ್ನು ಬೇರೆ ಕೋಣೆಯಲ್ಲಿಟ್ಟಿದ್ದರು; ಅಮ್ಮನಿಗೆ ನೋಡೋಕೆ ಸಿಕ್ಕಿದ್ದು ಎರಡೇ ಸಲ. ಐದನೇ ದಿನ ಹೋಯಿತು. "ಋಣ ಇದ್ದಿದ್ದೇ ಅಷ್ಟು" ಅಂದರು ಅಜ್ಜಿ. ಅಡಿಕೆ ಕೊಯ್ಲಲ್ಲಿ ಹೆಡಿಗೆ ಹೊತ್ತಿದ್ದಕ್ಕೇ ಹೀಗಾಯ್ತು ಅಂದರು ನೆಂಟರು. ಅಮ್ಮ ನಂಬಿದ್ದು ನೆಂಟರನ್ನು. ಇಷ್ಟು ವರ್ಷವೂ ಅದನ್ನೇ ಹೊತ್ತುಕೊಂಡು ಬಂದಿದ್ದಾಳೆ.

ಎಸ್‌ಆರ್‌ಎಸ್ ವರದಿಯ ಪ್ರಕಾರ 2020ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 20 ಮಕ್ಕಳು 28 ದಿನ ತುಂಬುವ ಮೊದಲೇ ತೀರಿಕೊಂಡವು. ಡಾಕ್ಟರುಗಳು ಹೇಳುವ ಮುಖ್ಯ ಕಾರಣ ಮೂರು: ದಿನ ತುಂಬದೆ ಕಡಿಮೆ ತೂಕದಲ್ಲಿ ಹುಟ್ಟುವುದು, ನಂಜು, ಹುಟ್ಟುವಾಗ ಉಸಿರುಗಟ್ಟುವುದು.

ಆದರೆ ಅಷ್ಟಕ್ಕೇ ಪ್ರಶ್ನೆ ಮುಗಿಯುತ್ತಾ? ಸರ್ವರ್ ಬಿದ್ದರೆ ಆಫೀಸಲ್ಲಿ ನಾವು ನಡೆಸುವ ಮೀಟಿಂಗಿಗೆ ಪೋಸ್ಟ್‌ಮಾರ್ಟಂ ಅಂತಲೇ ಹೆಸರು. ಅಲ್ಲಿ ಎರಡೇ ನಿಯಮ. ಯಾರನ್ನೂ ಬೈಯಬಾರದು. 'ಯಾಕೆ' ಅಂತ ಕೇಳೋದನ್ನು ನಿಲ್ಲಿಸಬಾರದು. ನಂಜು ಯಾಕಾಯ್ತು? ಕೈ ತೊಳೆದಿರಲಿಲ್ಲ. ಯಾಕೆ? ಒಬ್ಬರೇ ಸಿಸ್ಟರ್, ಹತ್ತು ಮಕ್ಕಳು. ಅದು ಯಾಕೆ? ಹೆಡಿಗೆಯದ್ದೇ ಕಾರಣ ಅಂತಿಟ್ಟುಕೊಂಡರೂ, ತುಂಬು ಬಸುರಿಯ ತಲೆ ಮೇಲೆ ಅದನ್ನು ಇಟ್ಟವರು ಯಾರು?

ಕಾಂಗರೂ ಆರೈಕೆ ಶುರುವಾಗಿದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಅಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಬಂತು: ಒಂದರಿಂದ 1.8 ಕೆಜಿ ತೂಕದ ಮಕ್ಕಳನ್ನು, ಚೇತರಿಸಿಕೊಳ್ಳಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟರೆ ಸಾವು ಕಾಲು ಭಾಗ ಕಡಿಮೆಯಾಗುತ್ತೆ. ಅಮ್ಮನ ಮಗು ಉಳೀತಿತ್ತು ಅಂತ ನಾನು ಹೇಳಲಾರೆ. ಆದರೆ ಅದು ಹೋಗುವ ಹೊತ್ತಿಗೆ ಈ ತಿಳಿವಳಿಕೆ ಜಗತ್ತಿನಲ್ಲಿತ್ತು. ಆ ವಾರ್ಡಿಗೆ ಬಂದಿರಲಿಲ್ಲ, ಅಷ್ಟೇ.

ಅಜ್ಜಿಯ ಮಾತಿನಲ್ಲಿ ಕರುಣೆಯಿತ್ತು, ಒಪ್ಪುತ್ತೇನೆ. ಅದು ಸೊಸೆಯನ್ನು ಬಿಡುಗಡೆ ಮಾಡಬಹುದಿತ್ತು. ಆದರೆ ಅದರ ಜೊತೆ ಆ ವಾರ್ಡಿಗೂ ಬಿಡುಗಡೆ ಸಿಕ್ಕಿಬಿಡುತ್ತೆ. ಋಣ ಅಂದರೂ, ತಾಯಿಯ ತಪ್ಪು ಅಂದರೂ ಪ್ರಶ್ನೆ ಅಲ್ಲಿಗೇ ನಿಲ್ಲುತ್ತೆ. ಮುಂದಿನ ಮಗುವಿಗೆ ಏನೂ ಬದಲಾಗಲ್ಲ. ಕಾರಣ ಹುಡುಕೋದು ಯಾರ ತಲೆಗೋ ಕಟ್ಟೋಕಲ್ಲ, ಮುಂದಿನ ಮಗುವಿಗೋಸ್ಕರ.

"ನಿನಗೆ ಯಾರೂ ಹೇಳಲಿಲ್ಲ ಅಮ್ಮ. ಅದು ನಿನ್ನ ತಪ್ಪಲ್ಲ" ಅಂದೆ. ಅಮ್ಮ ಏನೂ ಅನ್ನಲಿಲ್ಲ. ಮಗಳು ಮನೆಗೆ ಬಂದ ಮೇಲೆ ದಿನಾ ಮಧ್ಯಾಹ್ನ ಕೈ ತೊಳೆದುಕೊಂಡು, ಅವಳನ್ನು ಎದೆಗಿಟ್ಟುಕೊಂಡು ಕೂರುತ್ತಿದ್ದಳು. ನನ್ನ ಮಾತು ನಂಬಿದಳೋ ಇಲ್ಲವೋ, ಇನ್ನೂ ಕೇಳಿಲ್ಲ.