ಮಾತ್ರೆಯ ಹಸಿವು

ಕೂತುಂಡು ಊದಿದ್ದಾನೆ ಎಂದು ಬಿಳಿಗೆರೆಯಲ್ಲಿ ನನ್ನ ಮೈದುನನನ್ನು ಆಡಿಕೊಳ್ಳುವವರಿದ್ದಾರೆ. ಕೂತಿದ್ದಾನೆ ಎಂಬುದು ಸುಳ್ಳು. ತೋಟದಲ್ಲಿ ಬಿದ್ದ ಕಾಯಿ ಆಯ್ದು ತರುವವನು, ಅಟ್ಟಕ್ಕೆ ಏರಿಸುವವನು ಅವನೇ. ಉಣ್ಣುವುದು ಮಾತ್ರ ನಿಜ. ಎರಡು ಮುದ್ದೆ, ಮೇಲೆ ಅನ್ನ ಉಂಡು ಕೈತೊಳೆದು ಗಂಟೆಯಾಗಿರುವುದಿಲ್ಲ, ಅಡುಗೆಮನೆ ಬಾಗಿಲಿಗೆ ಬಂದು "ಅತ್ಗೆ, ಮುದ್ದೆ ಉಳಿದೈತಾ?" ಅನ್ನುತ್ತಾನೆ. ಕೇಳುವಾಗ ನಾಚಿಕೆ, ಬಡಿಸಿದ ಮೇಲೆ ತಲೆಯೆತ್ತದೆ ಉಣ್ಣುತ್ತಾನೆ. ಕೊಬ್ಬರಿ ತೂಗುವ ದಿನ ಹುಡುಗರು ಅವನನ್ನೂ ತಕ್ಕಡಿಗೆ ಹತ್ತಿಸಿ ನಗುತ್ತಾರೆ.

ಓಲಾಂಜಪೈನ್ ಮಾತ್ರೆ ಶುರುವಾದ ಮೇಲಿನ ಕಥೆ ಇದು. ಕಿವಿಯಲ್ಲಿ ಯಾರೋ ಬೈಯುವುದು ನಿಂತಿತು, ನಿದ್ದೆ ಬಂತು, ಹಿಂದೆಯೇ ಹಸಿವೂ ಬಂತು. ಮಿದುಳಿನಲ್ಲಿ ಹಿಸ್ಟಮಿನ್, ಸೆರೊಟೋನಿನ್‌ಗಳ ಕೆಲವು ಗ್ರಾಹಕಗಳನ್ನು ಅದು ತಡೆಯುತ್ತದೆ. ಹೊಟ್ಟೆ ತುಂಬಿತು ಅನ್ನಿಸುವುದೇ ತಡವಾಗುತ್ತದೆ. ತೂಕದ ಜೊತೆ ರಕ್ತದ ಸಕ್ಕರೆಯೂ ಏರಬಹುದು. ಹಾಗೆಂದು ಮಾತ್ರೆಯನ್ನು ಬೈಯಲಾರೆ. ಪಕ್ಕದ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲಿ ಹುಡುಕಿ, ಔಷಧಿ ಕೊಟ್ಟು, ವರ್ಷಗಟ್ಟಲೆ ಬಿಡದೆ ನೋಡಿಕೊಂಡಿದ್ದಾರೆ. ದೆವ್ವ ಬಿಡಿಸುವವರ ಮನೆ ಅಲೆಯುವುದು ತಪ್ಪಿದರೆ ಅದೇನು ಸಣ್ಣ ಮಾತಲ್ಲ.

ನನ್ನ ತೊಡಕು ಬೇರೆ. ಶ್ರಾವಣದ ಪ್ರವಚನದಲ್ಲಿ ನಾಲಗೆಯನ್ನು ಗೆಲ್ಲಬೇಕು ಎನ್ನುತ್ತಾರೆ. ಅತಿಯಾಗಿ ಉಣ್ಣುವವನಿಗೆ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ ಎಂಬ ಮಾತು ಗೀತೆಯ ಆರನೇ ಅಧ್ಯಾಯದಲ್ಲೂ ಇದೆ. ಎಲ್ಲರೂ ತಲೆದೂಗುತ್ತಾರೆ. ರಾತ್ರಿ ನುಂಗುವ ಗುಳಿಗೆ ತಂದಿಟ್ಟ ಹಸಿವನ್ನು ಗೆಲ್ಲದವನು ಸೋತವನೇ? ಅಲ್ಲ ಅನ್ನುವುದು ಸುಲಭ. ಆದರೆ ಅಂದ ಕೂಡಲೇ ಮಾತು ನನ್ನ ಬುಡಕ್ಕೇ ಬರುತ್ತದೆ. ಸೋಮವಾರ ಒಪ್ಪೊತ್ತು ಇರುತ್ತೇನೆ, ಹಬ್ಬದಲ್ಲೂ ಒಂದೇ ಹೋಳಿಗೆಗೆ ಕೈತೊಳೆಯುತ್ತೇನೆ, ಜನ ಮೆಚ್ಚುತ್ತಾರೆ. ನನ್ನ ಹೊಟ್ಟೆ ಬೇಗ ಸಾಕು ಅನ್ನುತ್ತದೆ, ಅಷ್ಟೆ. ಅವನ ಆಸೆ ಅವನದಲ್ಲವಾದರೆ ನನ್ನ ಸಂಯಮ ನನ್ನದು ಎಂದು ಯಾವ ಬಾಯಲ್ಲಿ ಹೇಳಲಿ?

ಹಿಂದಿನ ಜನ್ಮದ ಕರ್ಮ ಎನ್ನುವವರೂ ಇದ್ದಾರೆ. ಉಬ್ಬಸಕ್ಕೆ ಪ್ರೆಡ್ನಿಸೊಲೋನ್ ನುಂಗಿ ಮುಖ ದುಂಡಗಾದವರಿಗೆ ಆಗ ಇನ್ನೊಂದು ಕರ್ಮ ಹುಡುಕಬೇಕು. ಮೂರ್ಛೆರೋಗಕ್ಕೆ ಟೋಪಿರಮೇಟ್ ತಗೊಂಡು ಸೊರಗುವವರಿದ್ದಾರೆ, ಅದು ಪುಣ್ಯವೋ?

ಅಕ್ಕಮಹಾದೇವಿ ಒಂದು ವಚನದಲ್ಲಿ ಹಸಿವು, ಬಾಯಾರಿಕೆ, ನಿದ್ದೆ, ಕಾಮ, ಕ್ರೋಧಗಳನ್ನು ದಾರಿಗಡ್ಡ ಬಂದವರ ಹಾಗೆ ಮಾತಾಡಿಸಿ ನಿಲ್ಲಿಸುತ್ತಾಳೆ. ತಾನು ಚೆನ್ನಮಲ್ಲಿಕಾರ್ಜುನನ ಅವಸರದ ಓಲೆ ಒಯ್ಯುತ್ತಿರುವವಳು ಎನ್ನುತ್ತಾಳೆ. ಹಸಿವನ್ನೂ ಸಿಟ್ಟನ್ನೂ ಅವಳು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇಕೆಂದು ಮೈದುನನನ್ನು ನೋಡಿದ ಮೇಲೆ ಹೊಳೆಯಿತು: ಎರಡೂ ಹೊರಗಿನಿಂದ ಬರಬಲ್ಲವು. ಆದರೆ ಅವನಿಗೆ ಆ ವಚನ ಬೋಧಿಸಲು ನನಗೆ ಮನಸ್ಸಿಲ್ಲ. ಅಕ್ಕನ ಹಸಿವಿಗೆ ಮಾತ್ರೆಯ ಕುಮ್ಮಕ್ಕು ಇರಲಿಲ್ಲ.

ಡಾಕ್ಟರು ಸೊಂಟ ಅಳೆದು, ಸಕ್ಕರೆ ನೋಡಿ, ಮೆಟ್‌ಫಾರ್ಮಿನ್ ಸೇರಿಸಿದ್ದಾರೆ. ನೀವಾಗಿ ಏನನ್ನೂ ನಿಲ್ಲಿಸಬೇಡಿ ಎಂದಿದ್ದಾರೆ. ನಾನು ಮುದ್ದೆ ಚಿಕ್ಕದಾಗಿ ಕಟ್ಟಿ, ಬಸ್ಸಾರಿನ ಸೊಪ್ಪು ಕಾಳು ಹೆಚ್ಚು ಬಡಿಸುತ್ತೇನೆ. "ಮುದ್ದೆ ಸಣ್ಣ ಮಾಡೀರಾ?" ಅಂದ. ಡಾಕ್ಟ್ರು ಹೇಳವ್ರೆ ಅಂದೆ. "ಹಂಗಾದ್ರೆ ಇನ್ನೊಂದು ಇಕ್ಕಿ."

ಹೀಗಂದವನೇ ಇನ್ನೊಂದು ದಿನ, "ಮಾತ್ರೆ ಬಿಟ್ರೆ ಸಣ್ಣಗಾಯ್ತೀನಿ ಅತ್ಗೆ, ಆದ್ರೆ ಅವು ಮತ್ತೆ ಮಾತಾಡ್ತವೆ" ಅಂದ. ಎಲ್ಲ ತಿಳಿದೇ ನುಂಗುತ್ತಾನೆ, ಯಾರೂ ನೆನಪಿಸಬೇಕಿಲ್ಲ. ಸಂಯಮ ಎನ್ನಬಹುದಾದದ್ದು ನಮ್ಮ ಮನೆಯಲ್ಲಿ ಇದ್ದರೆ ಅದು ಇಲ್ಲಿದೆ ಎಂದು ನನ್ನ ಲೆಕ್ಕ. ಈ ಸಲ ಪ್ರವಚನಕ್ಕೆ ಅವನನ್ನೂ ಕರೆದುಕೊಂಡು ಹೋಗುತ್ತೇನೆ. ಪ್ರಸಾದದ ಪಂಕ್ತಿಯಲ್ಲಿ ಯಾರಾದರೂ ನಕ್ಕರೆ ಉತ್ತರ ಕೊಡುವುದು ನನ್ನ ಪಾಲಿನ ಕೆಲಸ.