ಒರತೆ ಯಾರದು?

ಕೈಗಾರಿಕಾ ಅರ್ಥಶಾಸ್ತ್ರ ಓದೋಕೆ ಕೂತರೆ ನಮಗೆ ಮೊದಲು ಸಿಗೋದು ನೀರಿನ ಲೆಕ್ಕ. 1838ರಲ್ಲಿ ಫ್ರಾನ್ಸಿನ ಕೂರ್ನೊ ಹೂಡಿದ್ದು. ಖನಿಜಜಲದ ಒರತೆ, ನೀರು ತೆಗೆಯೋಕೆ ಖರ್ಚಿಲ್ಲ. ಪುಕ್ಕಟೆ ಕೊಟ್ಟರೆ ಜನಕ್ಕೆ 120 ಕೊಡ ಬೇಕು, ಬೆಲೆ ಏರಿದಂತೆ ಬೇಡಿಕೆ ಒಂದೇ ಸಮ ಇಳೀತದೆ ಅನ್ನೋಣ. ಒಡೆಯ ಒಬ್ಬನೇ ಆದರೆ ಹೆಚ್ಚು ಲಾಭಕ್ಕಾಗಿ 60 ಕೊಡ ಮಾತ್ರ ಮಾರ್ತಾನೆ. ಇಬ್ಬರು ಪೈಪೋಟಿಗಿಳಿದರೆ 80. ಬೆಲೆ ಇಳೀತು, ನಿಜ. ಆದರೂ 40 ಕೊಡ ಒರತೆಯಲ್ಲೇ ಉಳೀತು, ಕಾಸಿಲ್ಲದವರ ಗಂಟಲು ಒಣಗೇ ಇತ್ತು.

ಪುಸ್ತಕ ಒಡೆಯರನ್ನ ಎಣಿಸ್ತದೆ. ಒರತೆಗೆ ಒಡೆಯ ಯಾಕೆ ಅನ್ನೋ ಪ್ರಶ್ನೆ ನಮ್ಮ ಹಾಗೇ ಹೊರಗೆ ನಿಂತಿದೆ. ಅರ್ಥಶಾಸ್ತ್ರ ಅರೆದು ಕುಡಿದಿದ್ದ ಅಂಬೇಡ್ಕರ್ 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿ ಕೇಳಿದ್ದು ಹಕ್ಕನ್ನ. ಪೈಪೋಟಿಯ ಲೆಕ್ಕ ನಾವೂ ಕಲಿಯೋಣ. ಉಳಿದ 40 ಕೊಡದ ಲೆಕ್ಕ ಕೇಳೋಣ.